ಸೋಸುವ ಮರಳು

ಬುಧವಾರ ಬೆಳಿಗ್ಗೆ ಫೋನು:
"ಪುರ್ಸೋ, ನೀರು ಮತ್ತೆ ಗಂಜಿ."
ಪಾವಸ್ಕರ್ ಅಕ್ಕೋರ ಮಾತು ಯಾವಾಗಲೂ ಇಷ್ಟೇ,
ಹಾಜರಿ ಕರೆದಂತೆ.

ಕೋಡಿಬಾಗದ ಓಣಿಯ ಕೊನೆಯ ಮನೆ. ಹಿತ್ತಿಲಲ್ಲಿ
ಹದಿನಾರಡಿ ಉದ್ದದ ಈಜುಕೊಳ,
ಈಜಲಿಕ್ಕಲ್ಲ, ನಡೆಯಲಿಕ್ಕೆ.
ಮೊಣಕಾಲು ಸವೆದಿದೆ, ನೀರಲ್ಲಿ ನಡೀರಿ ಎಂದರಂತೆ ಡಾಕ್ಟರು.
ಸಮುದ್ರವೇ ಇದೆಯಲ್ಲ ಅಕ್ಕೋರೆ, ಎಂದು ನಾನೊಮ್ಮೆ ಕೇಳಿದ್ದೆ.
"ಅದು ನಿಲ್ಲೋದಿಲ್ಲ."

ಬಗ್ಗಿ ನೋಡಿದೆ. ತಳದ ನೀಲಿ ಟೈಲ್ಸು ಕಾಣದು,
ನಾಲ್ಕನೇ ಮೆಟ್ಟಿಲು ಕಾಣದು,
ಮೊನ್ನೆ ಬಿದ್ದ ಸ್ಟೀಲಿನ ಲೋಟವೂ.
ಅಕ್ಕಿಯನ್ನು ಮೂರನೇ ಸಲ ತೊಳೆದಾಗಿನ ನೀರು,
ಕೊಳೆಯೆನ್ನಲು ಬಾರದು, ಕುಡಿಯಲು ಮನಸ್ಸಾಗದು.

ಗೋಡೆಯಾಚೆಯ ನುಗ್ಗೆಹೂವಿನ ಮೇಲೆ ಹೊರಿಸಿದೆ.
ಬಂದರಿನ ಕಡೆಯಿಂದ ಬರುವ ದೂಳಿನ ಮೇಲೆ,
ರವಿವಾರ ಬಂದಿದ್ದ ನೆಂಟರ ತಲೆಯೆಣ್ಣೆಯ ಮೇಲೆ.
ಕ್ಲೋರಿನ್ ಮಾತ್ರ ಸರಿಯಿತ್ತು. ಪಂಪಿಗೆ ಕಿವಿಗೊಟ್ಟೆ,
ಅದರ ಉಸಿರೂ ಸರಿ.
ಆಸಿಡ್ ಸುರಿದರೆ ಪಿಎಚ್ ಏಳೂವರೆಗೆ ಇಳಿಯುತ್ತದೆ,
ಬೆಳಗಾಗುವುದರೊಳಗೆ ಮತ್ತೆ ಎಂಟರ ಮೇಲೆ ಹತ್ತಿ ಕೂತಿರುತ್ತದೆ.
ಮೂರು ವಾರದಿಂದ ಇದೇ.

ಅಕ್ಕೋರ ನೋಟ್‌ಬುಕ್ಕಿನಲ್ಲಿ ಎಲ್ಲ ಇದೆ:
ತಾರೀಖು, ಹೊತ್ತು, ಎಷ್ಟು ಮಿಲಿ, ಕೆಂಪು ಶಾಯಿಯಲ್ಲಿ ಫಲ.
ಕಾರಣ ಎಂಬ ಕಾಲಮ್ಮು ಮಾತ್ರ ಖಾಲಿ.
ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ಕೈ.
ಒಂಬತ್ತನೇ ಇಯತ್ತೆಯಲ್ಲಿ ನನ್ನ ಮೂವತ್ತಮೂರನ್ನು
ಮೂವತ್ತೈದು ಮಾಡಿದ ಕೈಯೂ ಅದೇ.

"ಫಿಲ್ಟರು?"
"ನಿನ್ನೆಯೇ ಬ್ಯಾಕ್‌ವಾಶ್ ಮಾಡಿದೆ."
"ಒಳಗಿನ ಮರಳು?"
"ಹೋದ ವರ್ಷದ್ದು ಅಕ್ಕೋರೆ. ಐದು ವರ್ಷ ಬಾಳ್ತದೆ."
ಬಾಳುತ್ತದೆ, ಆ ಮರಳಾಗಿದ್ದರೆ.
"ತೆಗೆ, ನೋಡುವಾ."

ಎಂಟು ಬೋಲ್ಟು. ಬಿಚ್ಚಲು ನಾನು ತೆಗೆದುಕೊಂಡ ಹೊತ್ತಿನಲ್ಲಿ
ಒಂದು ಬೋಟಿನ ಎಂಜಿನ್ನೇ ಇಳಿಸಬಹುದಿತ್ತು.

ಒಂದು ಹಿಡಿಯನ್ನು ಬಸಿಯಲ್ಲಿ ಹರಡಿದರು.
ಉಪ್ಪಿನಕಾಯಿಗೆ ತಂದ ವಿನೆಗರಿನ ನಾಲ್ಕು ಹನಿ.
ಸುಂಯ್ ಎಂದಿತು ಮರಳು,
ಗುಟ್ಟು ಹೇಳುವ ಹುಡುಗಿಯ ಹಾಗೆ,
ಸಣ್ಣ ಸಣ್ಣ ಗುಳ್ಳೆ.
"ಬೆಣಚುಕಲ್ಲು ಹೀಗೆ ನೊರೆ ಬಿಡೋದಿಲ್ಲ, ಪುರುಷೋತ್ತಮ."
(ಪೂರ್ತಿ ಹೆಸರು! ಶಾಲೆ ಬಿಟ್ಟ ಮೇಲೆ ಇದೇ ಮೊದಲು.)
"ಇದು ಚಿಪ್ಪು. ನೀ ಸುರಿದ ಆಸಿಡ್ಡೆಲ್ಲ ಇದರ ಹೊಟ್ಟೆಗೆ ಹೋಗಿದೆ."

ಹೌದು. ಮಾಜಾಳಿಯ ದಂಡೆಯದು.
ರಾತ್ರಿ ಸ್ಕೂಟರಿನಲ್ಲಿ ನಾಲ್ಕು ಸಲ ತಂದೆ,
ಸೊಳ್ಳೆಪರದೆಯಲ್ಲಿ ಜರಡಿ ಹಿಡಿದೆ,
ಏಡಿಮರಿಗಳನ್ನು ಆರಿಸಿ ಬಿಟ್ಟೆ. ಅಷ್ಟು ದಯೆ ಇತ್ತು.
ಬೆಣಚು ಮರಳಿನ ದುಡ್ಡು
ಅಂಡರ್‌ಆರ್ಮ್ ಪಂದ್ಯಾವಳಿಯ ಶುಲ್ಕವಾಯಿತು,
ಹನ್ನೊಂದು ಹಳದಿ ಜೆರ್ಸಿಯಾಯಿತು.
ಮೊದಲ ಸುತ್ತಿಗೇ ಸೋತೆವು,
ಆರು ಓವರಿಗೆ ಹತ್ತೊಂಬತ್ತು ರನ್ನು.
ಇವತ್ತು ತೊಟ್ಟು ಬಂದದ್ದೂ ಅದೇ ಜೆರ್ಸಿ.
ಬೆನ್ನ ಮೇಲೆ ಹೆಸರಿದೆ.
ತಿರುಗಿ ನಿಲ್ಲಲು ಧೈರ್ಯ ಬರಲಿಲ್ಲ.

ಬಾಯಿಬಿಟ್ಟು ಹೇಳಿದೆನೆ? ಇಲ್ಲ.
ಅವರೂ ಕೇಳಲಿಲ್ಲ.
ಖಾಲಿ ಕಾಲಮ್ಮಿನಲ್ಲಿ ಬರೆದರು: ಚಿಪ್ಪು.
ಪೆನ್ನಿಗೆ ಮುಚ್ಚಳ ಹಾಕಿದರು.
"ಎಲ್ಲಿಂದ ಬಂತೋ ಅಲ್ಲಿಗೇ ಬಿಟ್ಟು ಬಾ.
ಗಟಾರಕ್ಕೆ ಸುರೀಬೇಡ."

ಕಾಳಿ ಸೇತುವೆಯ ಮೇಲೆ ಮತ್ತೆ ನಾಲ್ಕು ಸಲ,
ಈ ಸಲ ನಡುಹಗಲು.
ರಂಪಣಿ ಎಳೆಯುವವರು ಬಲೆ ಬಿಡದೆಯೇ ಕೂಗಿದರು:
"ಸಮುದ್ರಕ್ಕೇ ಮರಳು ಮಾರ್ತೀಯೇನೋ!"
ಮಳೆ ಬಿಟ್ಟು ಇನ್ನೂ ಹದಿನೈದು ದಿನ.
ಕಾಳಿ ಹೊತ್ತು ತಂದ ಕೆಸರಿಗೆ ಕಡಲೂ ಕಲಕಿತ್ತು.
ಬೊಗಸೆ ಎತ್ತಿದೆ, ಅಂಗೈಯ ಗೆರೆ ಕಾಣಲಿಲ್ಲ.
ಇಲ್ಲಿಗೆ ಯಾರೂ ನನ್ನನ್ನು ರಿಪೇರಿಗೆ ಕರೆಯುವುದಿಲ್ಲ.

ಶುಕ್ರವಾರ ಮೂರು ಚೀಲ ಕೊಂಡೆ, ನನ್ನ ದುಡ್ಡು.
ಶನಿವಾರ ಇಡೀ ಪಂಪು ಓಡಿತು.

ರವಿವಾರ, ಇನ್ನೂ ಚಹಾ ಆಗಿರಲಿಲ್ಲ, ಫೋನು:
"ಪುರ್ಸೋ, ಲೋಟ ಸಿಕ್ಕಿತು."